ದೂರದ ಕಾಲ್ನಡಿಗೆಯ ಮೊದಲನೆಯ ದಿನ

ದೂರದ ಹಾದಿಯನ್ನು ಕಾಲ್ನಡಿಗೆಯಿಂದ ಕ್ರಮಿಸುವವರಿಗೆ ಮೊದಲನೆಯ ದಿನವು ಉಳಿದ ದಿನಗಳಂತಹುದಲ್ಲ. ಅಂದು ಮನಸ್ಸಿನಲ್ಲಿ ಹುರುಪು ತುಂಬಿರುವುದು. ಕಾಲುಗಳಿಗಾದರೋ ಹಾದಿಯ ರೂಢಿ ಇನ್ನೂ ಆಗಿರುವುದಿಲ್ಲ. ಇದನ್ನರಿಯದೆ ಹೊರಟವರು ಎರಡನೆಯ ದಿನ ಕುಂಟುವರು. ನಮ್ಮ ವಿದ್ಯಾರ್ಥಿಗಳು ಈ ವಿಷಯವನ್ನು ಇತಿಹಾಸದ ಒಂದು ಉದಾಹರಣೆಯಿಂದ ಅಭ್ಯಸಿಸಲೆಂದು ಈ ಪಾಠವನ್ನು ಬರೆದಿರುವೆವು.

1930ನೆಯ ಇಸವಿ ಮಾರ್ಚ್ 12, ಬುಧವಾರ. ಬೆಳಗಿನ ಆರೂವರೆ ಗಂಟೆಗೆ ಮಹಾತ್ಮಾ ಗಾಂಧೀಜಿಯವರು ತಾವು ಆರಿಸಿದ ಎಪ್ಪತ್ತೆಂಟು ಮಂದಿಯೊಡನೆ ಸಾಬರಮತಿ ಆಶ್ರಮದಿಂದ ಹೊರಟರು. ಸೇರಬೇಕಾದುದು ಸಮುದ್ರತೀರದ ದಾಂಡಿ. ದೂರವು ಸುಮಾರು 240 ಮೈಲಿ, ಎಂದರೆ 385 ಕಿಲೋಮೀಟರು. ಉದ್ದೇಶವು ಉಪ್ಪಿನ ಕಾಯಿದೆಯನ್ನು ಮುರಿಯುವುದು. ಗಾಂಧೀಜಿಯವರಿಗೆ ಆಗ ಅರವತ್ತು ವರ್ಷ ತುಂಬಿತ್ತು. ಆ ತಂಡದಲ್ಲಿ ಕರ್ನಾಟಕದವರೆಂದರೆ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೊಬ್ಬರೇ. ಅವರಿಗೆ ಹದಿನೆಂಟು ವರ್ಷ. ನಮ್ಮ ಶಾಲೆಯನ್ನು ಬಿಟ್ಟುಹೋದ ಹುಡುಗರ ವಯಸ್ಸು. ಮುಂದೆ 1943ನೆಯ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಅವರು ಬಲಿಯಾದರು.

ಹೊರಟ ದಿನ ಹಾದಿಯ ಎರಡೂ ಬದಿಗೆ ಜನಸಾಗರವೇ ನೆರೆದಿತ್ತು. ಚಂದೋಲಾ ಕೆರೆಯ ಬಳಿ ಜನರನ್ನು ಹಿಂದಿರುಗಲು ಹೇಳಿ ತಂಡವು ಮುಂದುವರಿಯಿತು. ಆ ರಾತ್ರಿಯ ಬೀಡು ಅಸಲಾಲಿ ಎಂಬ ಗ್ರಾಮ. ಆಶ್ರಮದಿಂದ ಹದಿಮೂರು ಮೈಲಿ. ಗಾಂಧೀಜಿಯವರು ದಣಿದಾರೆಂದು ಕುದುರೆಯೊಂದನ್ನು ಜೊತೆಗಿರಿಸಿದ್ದರು. ಅವರು ಅದನ್ನು ಏರಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ಗಣಿತ ಮಾಡಬೇಕು. ತಂಡವು ದಾಂಡಿಯನ್ನು ಸೇರಿದುದು ಏಪ್ರಿಲ್ 5ರಂದು. ಹೊರಟ ದಿನವನ್ನೂ ಸೇರಿದ ದಿನವನ್ನೂ ಹಿಡಿದರೆ 25 ದಿನ. ಸೋಮವಾರವು ಗಾಂಧೀಜಿಯವರ ಮೌನದಿನವಾದ್ದರಿಂದ ಅಂದು ನಡಿಗೆಯಿಲ್ಲ. ಅಂತಹ ಸೋಮವಾರಗಳು ಮೂರು. ಉಳಿದುದು 22 ದಿನ. 240ನ್ನು 22ರಿಂದ ಭಾಗಿಸಿದರೆ ದಿನಕ್ಕೆ ಸುಮಾರು ಹನ್ನೊಂದು ಮೈಲಿ. ಆದುದರಿಂದ ಮೊದಲ ದಿನದ ನಡಿಗೆಯು ಸರಾಸರಿಗಿಂತ ಎರಡು ಮೈಲಿ ಹೆಚ್ಚಾಯಿತು. ಇದು ಅನುಕರಣೀಯವೇ? ದಿನವೂ ನಡೆದು ರೂಢಿಯಿದ್ದ ಗಾಂಧೀಜಿಯವರಿಗೆ ಅದು ಸಲ್ಲುವುದು. ನಮ್ಮಂಥವರಿಗೆ ಸಲ್ಲದೆಂಬುದನ್ನು ನಾವು ಸ್ವಂತ ತಪ್ಪಿನಿಂದ ಕಲಿತಿರುವೆವು.

ಕಳೆದ ಚಳಿಗಾಲದಲ್ಲಿ ನಮ್ಮ ಮಕ್ಕಳೊಡನೆ ನ್ಯಾಲ್ಕಲ್‌ನಿಂದ ಮೂರು ದಿನದ ಕಾಲ್ನಡಿಗೆಗೆ ಹೊರಟಿದ್ದೆವು. ಮಸಾರಿ ನೆಲದ ಹಾದಿಯಲ್ಲಿ ಎಲ್ಲರೂ ಹಾಡುತ್ತ ನಡೆದರು. ಈ ಕೆಂಪು ನೆಲದ ಅಡಿಯಲ್ಲಿರುವುದು ಜಂಬಿಟ್ಟಿಗೆಯ ಕಲ್ಲು. ಬೀದರದ ಕೋಟೆಗೆ ಬಳಸಿದ ಜಾತಿಯದೇ. ನಮ್ಮ ನ್ಯಾಲ್ಕಲ್ ಸರ್ಕಲ್ಲು 1956ರವರೆಗೆ ಬೀದರ ತಾಲೂಕಿನದೇ ಆಗಿತ್ತೆಂದು ಹಾದಿಯಲ್ಲಿ ಹೇಳಿದಾಗ ಮಕ್ಕಳು ನಂಬಲಿಲ್ಲ. ಮುಂದೆ ಮಂಜೀರಾ ದಂಡೆಯ ಕಡೆಗೆ ಎರೆಹೊಲ ಬಂದಿತು. ಒಣಗಿ ಬಿರಿತ ಎರೆಯ ಹೆಂಟೆಗಳ ಮೇಲೆ ಕಾಲು ಹೊರಳುವುದು. ಗಂಟೆಗೆ ನಾಲ್ಕು ಕಿಲೋಮೀಟರು ನಡೆದವರು ಮೂರನ್ನು ಕೂಡ ನಡೆಯಲಾರರು. ನಾವು ದೊಡ್ಡ ಹುಡುಗರನ್ನು ಮುಂದಿರಿಸಿದ್ದೆವು. ಅವರ ವೇಗವೇ ಎಲ್ಲರ ವೇಗವಾಯಿತು. ಮಧ್ಯಾಹ್ನ ಬೇವಿನ ಮರದ ನೆರಳಿನಲ್ಲಿ ರೊಟ್ಟಿಯ ಬುತ್ತಿ ಬಿಚ್ಚಿದಾಗ ತಲೆ ಎಣಿಸಿದೆವು. ಒಬ್ಬಳು ಕಡಿಮೆ.

ಏಳನೆಯ ತರಗತಿಯ ಆ ಬಾಲಿಕೆಯನ್ನು ಹುಡುಕಿ ಹಿಂದಕ್ಕೆ ಓಡಿದ ಅರ್ಧ ಗಂಟೆಯನ್ನು ನಾವು ಮರೆಯಲಾರೆವು. ಆಕೆ ಜೋಳದ ಹೊಲದ ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಕುಳಿತಿದ್ದಳು. ಪ್ರವಾಸಕ್ಕೆಂದು ಕೊಂಡ ಹೊಸ ಚಪ್ಪಲಿ. ಎರಡೂ ಹಿಮ್ಮಡಿಗೆ ಬೊಕ್ಕೆ ಎದ್ದು ಒಡೆದಿದ್ದುವು. ಕೂಗಲಿಲ್ಲವೇಕೆಂದು ಕೇಳಿದೆವು. “ನನ್ನಿಂದ ಎಲ್ಲರೂ ನಿಲ್ಲಬೇಕಾಗ್ತದಲ್ರಿ ಸರ್” ಎಂದಳು. ನಡಿಗೆಯನ್ನು ಅಲ್ಲಿಗೇ ನಿಲ್ಲಿಸಿ, ಎತ್ತಿನ ಬಂಡಿಯೊಂದರಲ್ಲಿ ಆಕೆಯನ್ನು ಕೂಡಿಸಿಕೊಂಡು ಹಿಂದಿರುಗಿದೆವು.

ಮರುದಿನ ಆಕೆಯ ತಂದೆ ಶಾಲೆಗೆ ಬಂದರು. ಗದರಲಿಲ್ಲ. “ಗುರುಗಳೇ, ಎಣಿಕಿ ಯಾರು ಇಟ್ಟಿದ್ರಿ?” ಎಂದಷ್ಟೇ ಕೇಳಿದರು. ನಾವೇ ಇಟ್ಟಿದ್ದೆವು, ಬೆಳಿಗ್ಗೆ ಒಮ್ಮೆ ಎಣಿಸಿ ಬಿಟ್ಟಿದ್ದೆವು.

ಬರುವ ಮಾಘದಲ್ಲಿ ಮತ್ತೆ ಹೊರಡುವೆವು. ಮೊದಲ ದಿನ ಎಂಟು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಹೊಸ ಚಪ್ಪಲಿ ಯಾರೂ ತೊಡಕೂಡದು. ತೊಡುವುದಾದರೆ ಹದಿನೈದು ದಿನ ಮುಂಚಿತವಾಗಿ ತೊಟ್ಟು ಶಾಲೆಗೆ ಬಂದು ಹೋಗತಕ್ಕದ್ದು. ಕಾಲು ಉರಿಯತೊಡಗಿದ ಕೂಡಲೇ ಹೇಳತಕ್ಕದ್ದು. ಬೊಕ್ಕೆ ಎದ್ದ ಮೇಲಲ್ಲ. ಗಂಟೆಗೊಮ್ಮೆ ನಿಂತು ನೀರು ಕುಡಿಯುವುದು, ನಿಂತಾಗಲೆಲ್ಲ ತಲೆ ಎಣಿಸುವುದು. ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಸಾಲಿನ ಮುಂದೆ, ಉಪಾಧ್ಯಾಯರೊಬ್ಬರು ಕಟ್ಟಕಡೆಗೆ. ಆ ಬಾಲಿಕೆಯ ತಂದೆ ಈ ಸಲವೂ ಒಪ್ಪಿಗೆಯ ಚೀಟಿ ಕಳುಹಿಸಿರುವರು. ಎಣಿಕೆಯ ಪುಸ್ತಕವನ್ನು ಈ ಸಾರೆ ಆಕೆಯ ಕೈಗೇ ಕೊಟ್ಟಿರುವೆವು.