ಮನೆ ಮನೆಯ ಎಣಿಕೆ: ಮೊದಲನೆಯ ಜನಗಣತಿಯಿಂದ ನಾವು ಕಲಿಯಬೇಕಾದ ಪಾಠ



ತೋಟದಲ್ಲಿ ಎಷ್ಟು ತೆಂಗಿನ ಮರಗಳಿವೆ ಎಂದು ಕೇಳಿದರೆ ನಮ್ಮ ಹಾಗಲವಾಡಿ ಸೀಮೆಯ ಯಾವ ರೈತನೂ ತಡವರಿಸುವುದಿಲ್ಲ. ಫಲ ಕೊಡುವುವು ಎಷ್ಟು, ಎಳೆಯ ಸಸಿಗಳೆಷ್ಟು, ಸುಳಿ ಕೊಳೆತು ಹೋದುವು ಎಷ್ಟು ಎಂಬುದೂ ಅವನ ಬಾಯಲ್ಲೇ ಇರುತ್ತದೆ. ಆದರೆ ನಿಮ್ಮ ಊರಿನಲ್ಲಿ ಜನರೆಷ್ಟು, ಅವರಲ್ಲಿ ಹೆಂಗಸರೆಷ್ಟು, ಐದು ವರ್ಷದೊಳಗಿನ ಮಕ್ಕಳೆಷ್ಟು ಎಂದು ಕೇಳಿ ನೋಡಿ. "ಇದ್ದರೆ ಒಂದು ಇನ್ನೂರು ಮನೆ ಇರಬಹುದು" ಎಂಬ ಉತ್ತರ ಬರುತ್ತದೆ. ಮನೆಯ ಲೆಕ್ಕ ಬೇರೆ, ಮನುಷ್ಯರ ಲೆಕ್ಕ ಬೇರೆ. ಈ ಎರಡಕ್ಕೂ ಇರುವ ಅಂತರವನ್ನು ನಮ್ಮ ನಾಡು ತುಂಬ ದುಬಾರಿ ಬೆಲೆ ತೆತ್ತು ತಿಳಿದುಕೊಂಡಿತು. ಆ ವಿಷಯವೇ ಈ ಪಾಠ.

ಹಿಂದಿನ ಖಾನೇಷುಮಾರಿ

ಮೈಸೂರು ಸೀಮೆಯಲ್ಲಿ ಹಿಂದೆ ಖಾನೇಷುಮಾರಿ ಎಂಬ ಲೆಕ್ಕವಿತ್ತು. ಖಾನೆ ಎಂದರೆ ಮನೆ, ಷುಮಾರಿ ಎಂದರೆ ಎಣಿಕೆ. ಪಟೇಲರೂ ಶಾನುಭೋಗರೂ ತಮ್ಮ ತಮ್ಮ ಗ್ರಾಮದ ಮನೆಗಳನ್ನೂ ಒಕ್ಕಲುಗಳನ್ನೂ ಬರೆದು ಮೇಲಕ್ಕೆ ಕಳುಹಿಸುತ್ತಿದ್ದರು. ಕಂದಾಯದ ವಸೂಲಿಗೆ ಅಷ್ಟು ಸಾಕಾಗಿತ್ತು. ಆದರೆ ಒಂದು ಮನೆಯಲ್ಲಿ ಮೂವರಿರಬಹುದು, ಇನ್ನೊಂದರಲ್ಲಿ ಇಪ್ಪತ್ತು ಮಂದಿ ಇರಬಹುದು. ಒಂದು ಊರಿನ ಲೆಕ್ಕ ಸುಗ್ಗಿಯಲ್ಲಿ ಆದರೆ ಇನ್ನೊಂದರದು ಮುಂಗಾರಿನಲ್ಲಿ ಆದೀತು. ನಡುವೆ ಗುಳೆ ಹೋದವರು ಎರಡು ಕಡೆಯೂ ಬಿಟ್ಟುಹೋಗಬಹುದು, ಇಲ್ಲವೇ ಎರಡು ಕಡೆಯೂ ಸೇರಬಹುದು.

ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕುರಿಗಳನ್ನು ಹಗಲು ಹೊತ್ತು ಗೋಮಾಳದಲ್ಲಿ ಎಣಿಸಿದರೆ ಲೆಕ್ಕ ಹತ್ತುವುದುಂಟೆ? ಒಂದು ಹಿಂಡು ಮತ್ತೊಂದರೊಡನೆ ಬೆರೆತಿರುತ್ತದೆ. ಎಣಿಸಿದ ಕುರಿ ಮತ್ತೆ ಎದುರಿಗೆ ಬರುತ್ತದೆ. ಬುದ್ಧಿವಂತನಾದ ಕುರಿಗಾರನು ಸಂಜೆ ಅವು ರೊಪ್ಪಕ್ಕೆ ನುಗ್ಗುವಾಗ ಬಾಗಿಲಲ್ಲಿ ನಿಂತು ಒಂದೊಂದಾಗಿ ಎಣಿಸುತ್ತಾನೆ. ಹೊಸ ಕಾಲದ ಜನಗಣತಿಯ ಮರ್ಮವೂ ಇದೇ. ಪ್ರತಿಯೊಬ್ಬನನ್ನೂ ಬೇರೆ ಬೇರೆಯಾಗಿ ಎಣಿಸಬೇಕು. ಗೊತ್ತಾದ ಎಲ್ಲೆಯೊಳಗೆ ಎಲ್ಲರನ್ನೂ ಎಣಿಸಬೇಕು. ಒಂದೇ ಕಾಲಕ್ಕೆ ಸಲ್ಲುವಂತೆ ಎಣಿಸಬೇಕು. ಗೊತ್ತಾದಷ್ಟು ವರ್ಷಕ್ಕೊಮ್ಮೆ ತಪ್ಪದೆ ಎಣಿಸಬೇಕು. ಸ್ವೀಡನ್ ದೇಶ 1749ರಲ್ಲಿ, ಅಮೆರಿಕ 1790ರಲ್ಲಿ, ಇಂಗ್ಲೆಂಡು 1801ರಲ್ಲಿ ಇಂಥ ಎಣಿಕೆಗೆ ತೊಡಗಿದುವು.

1871ರ ಆ ರಾತ್ರಿ

ನಮ್ಮ ದೇಶದಲ್ಲಿ ಮೊದಲನೆಯ ಜನಗಣತಿ ನಡೆದದ್ದು 1871-72ರಲ್ಲಿ. ಆಗ ಮೈಸೂರು ಸೀಮೆಯ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಇಲ್ಲಿಯ ಎಣಿಕೆಗೆ 1871ನೆಯ ನವೆಂಬರ್ 14ರ ರಾತ್ರಿ ಗೊತ್ತಾಯಿತು. ಅದು ಪ್ರಜೋತ್ಪತ್ತಿ ಸಂವತ್ಸರ, ಹೊಲದಲ್ಲಿ ರಾಗಿ ತೆನೆಗೂಡಿ ನಿಲ್ಲುವ ಕಾಲ. ಬಂದ ಲೆಕ್ಕಗಳನ್ನು ಒಟ್ಟುಗೂಡಿಸಿ ವರದಿ ಬರೆದವರು ಮೇಜರ್ ಲಿಂಡ್ಸೆ ಎಂಬ ಅಧಿಕಾರಿಗಳು. ಮೈಸೂರು ಸೀಮೆಯ ಜನಸಂಖ್ಯೆ 50,55,412 ಎಂದು ಗೊತ್ತಾಯಿತು.

ಆ ಮೊದಲ ಗಣತಿಯಲ್ಲಿ ದೊಡ್ಡದೊಂದು ಕೊರತೆಯಿತ್ತು. ದೇಶವೆಲ್ಲ ಒಂದೇ ದಿನ ಎಣಿಕೆಯಾಗಲಿಲ್ಲ. ಮೈಸೂರಿನಲ್ಲಿಯೂ, ಬಳ್ಳಾರಿ, ಮಂಗಳೂರು, ಕಾಸರಗೋಡುಗಳು ಸೇರಿದ್ದ ಮದರಾಸು ಪ್ರಾಂತದಲ್ಲಿಯೂ 1871ರ ನವೆಂಬರಿನಲ್ಲಿ ಎಣಿಸಿದರೆ, ಧಾರವಾಡ, ಬೆಳಗಾವಿಗಳಿದ್ದ ಮುಂಬಯಿ ಪ್ರಾಂತದಲ್ಲಿ 1872ರ ಫೆಬ್ರವರಿಯಲ್ಲಿ ಎಣಿಸಿದರು. ಕನ್ನಡ ಜನರನ್ನೇ ಎರಡು ಮೂರು ಕಂತಿನಲ್ಲಿ ಎಣಿಸಿದಂತಾಯಿತು. ಇದಲ್ಲದೆ ಈ ಎಣಿಕೆಯ ಹಿಂದೆ ಹೊಸ ತೆರಿಗೆ ಬರುತ್ತದೆಂಬ ಭಯ ದೇಶದ ಅನೇಕ ಕಡೆ ಹಬ್ಬಿತ್ತು. ವಯಸ್ಸು ಕೇಳಿದರೆ ಬಹುಮಂದಿ ಇಪ್ಪತ್ತು, ಮೂವತ್ತು, ನಲವತ್ತು ಎಂದು ದುಂಡು ಲೆಕ್ಕ ಹೇಳಿಬಿಡುತ್ತಿದ್ದರು.

ಎರಡನೆಯ ಸಲ ಈ ಕೊರತೆಯನ್ನು ತಿದ್ದಿದರು. 1881ನೆಯ ಫೆಬ್ರವರಿ 17ರ ರಾತ್ರಿಗೆ ಸಲ್ಲುವಂತೆ ದೇಶದ ಹೆಚ್ಚು ಕಡಮೆ ಎಲ್ಲ ಭಾಗಗಳಲ್ಲಿಯೂ ಗಣತಿಯಾಯಿತು. ಎಣಿಕೆದಾರರು ಮುಂಚಿತವಾಗಿ ಮನೆಗಳಿಗೆ ಹೋಗಿ ಪಟ್ಟಿ ಬರೆದಿಟ್ಟುಕೊಂಡು, ಗೊತ್ತಾದ ರಾತ್ರಿ ಮತ್ತೆ ಹೋಗಿ, ಸತ್ತವರನ್ನು ತೆಗೆದು, ಹುಟ್ಟಿದವರನ್ನೂ ಬಂದವರನ್ನೂ ಸೇರಿಸಿದರು. ಅಂದಿನಿಂದ ಮುಂದೆ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ಗಣತಿ ತಪ್ಪಲಿಲ್ಲ.

ಎರಡು ಅಂಕಿಗಳ ನಡುವೆ

ಈಗ ಒಂದು ಚೀಟಿಯಲ್ಲಿ ಈ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ.

1871ರಲ್ಲಿ ಮೈಸೂರು ಸೀಮೆಯ ಜನ: 50,55,412
1881ರಲ್ಲಿ ಮೈಸೂರು ಸೀಮೆಯ ಜನ: 41,86,188

ಹತ್ತು ವರ್ಷ ಕಳೆದ ಮೇಲೆ ಜನ ಹೆಚ್ಚಬೇಕು. ಇಲ್ಲಿ 8,69,224 ಮಂದಿ ಕಡಮೆಯಾಗಿದ್ದಾರೆ. ಆರು ಮಂದಿಯಲ್ಲಿ ಒಬ್ಬರಿಗಿಂತ ಹೆಚ್ಚು ಜನ ಲೆಕ್ಕದಿಂದ ಅಳಿಸಿಹೋದರು. ಇವರು ಎಲ್ಲಿಗೆ ಹೋದರು?

ಹಿರಿಯರು ಹೇಳುತ್ತಿದ್ದ ಧಾತು-ಈಶ್ವರ ಬರ ಎಂಬ ಮಾತನ್ನು ನೀವು ಕೇಳಿರಬಹುದು. ಧಾತು ಸಂವತ್ಸರವೆಂದರೆ 1876-77, ಈಶ್ವರ ಸಂವತ್ಸರವೆಂದರೆ 1877-78. 1876ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷವೂ ಹದವಾಗಿ ಬರಲಿಲ್ಲ. ಮಲೆನಾಡಿಗಿಂತ ನಮ್ಮಂಥ ಬಯಲು ಸೀಮೆಯ ಬೆದ್ದಲು ಭೂಮಿಗೆ ಪೆಟ್ಟು ಹೆಚ್ಚು ಬಿತ್ತು. ಹಗೇವಿನ ರಾಗಿ ಮುಗಿಯಿತು, ಮೇವಿಲ್ಲದೆ ದನಗಳು ಬಿದ್ದುವು. ಬೆಂಗಳೂರಿಗೆ 1864ರಿಂದ ರೈಲು ಇತ್ತು. ಹೊರಗಿನಿಂದ ಧಾನ್ಯ ಅಲ್ಲಿಯವರೆಗೆ ಬಂದರೂ ಮುಂದಕ್ಕೆ ಗಾಡಿಯೇ ಗತಿ. ಗಾಡಿ ಎಳೆಯುವ ಎತ್ತಿಗೇ ಮೇವು ನೀರಿಲ್ಲದ ಮೇಲೆ ಧಾನ್ಯ ಹಳ್ಳಿಗೆ ಮುಟ್ಟುವುದು ಹೇಗೆ? ಹಸಿವಿನ ಬೆನ್ನಿಗೆ ವಾಂತಿಭೇದಿ, ಜ್ವರಗಳು ಬಂದುವು.

ಸಾವಿನ ಲೆಕ್ಕವನ್ನು ಆಗ ಸರಿಯಾಗಿ ಬರೆದಿಡಲಾಗಲಿಲ್ಲ. ಊರು ಬಿಟ್ಟು ದಾರಿಯಲ್ಲಿ ಬಿದ್ದವರ ಹೆಸರನ್ನು ಯಾವ ಶಾನುಭೋಗರು ಬರೆದಾರು? ಹೀಗಿರುವಾಗ ಆ ಬರ ಎಷ್ಟು ಜನರನ್ನು ನುಂಗಿತೆಂದು ನಾವಿಂದು ಹೇಳಲು ಸಾಧ್ಯವಾಗಿರುವುದು 1871ರ ರಾತ್ರಿ ಅವರನ್ನು ಒಮ್ಮೆ ಎಣಿಸಿದ್ದುದರಿಂದ. ಆ ಮೊದಲ ಲೆಕ್ಕ ಇಲ್ಲದೆ ಹೋಗಿದ್ದರೆ "ಬಹಳ ಜನ ಸತ್ತರಂತೆ" ಎಂಬ ಮಾತಷ್ಟೇ ಉಳಿಯುತ್ತಿತ್ತು.

ಮುಂದಿನ ಅಂಕಿಗಳನ್ನೂ ನೋಡಿ. 1891ರಲ್ಲಿ 49,43,604. ಇಪ್ಪತ್ತು ವರ್ಷವಾದರೂ ನಾಡು ಹಿಂದಿನ ಮಟ್ಟಕ್ಕೆ ಬರಲಿಲ್ಲ. 1901ರಲ್ಲಿ 55,39,399 ಆದಾಗ ಹಳೆಯ ಅಂಕಿಯನ್ನು ದಾಟಿತು. ಎರಡು ವರ್ಷದ ಬರ ತುಂಬಿಬರಲು ಒಂದು ತಲೆಮಾರು ಹಿಡಿಯಿತು ಎಂಬ ಪಾಠವನ್ನು ಕಲಿಸಿದ್ದು ಗಣತಿಯೇ.

1880ರಲ್ಲಿ ಕ್ಷಾಮ ಆಯೋಗದವರು ವರದಿ ಕೊಟ್ಟರು; 1883ರಲ್ಲಿ ಕ್ಷಾಮ ಪರಿಹಾರದ ನಿಯಮಾವಳಿ ಸಿದ್ಧವಾಯಿತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ರೈಲು ಬಂತು. ಬರ ಬಂದಾಗ ಯಾವ ತಾಲ್ಲೂಕಿಗೆ ಎಷ್ಟು ಖಂಡುಗ ಧಾನ್ಯ ಬೇಕು, ಎಷ್ಟು ಮಂದಿಗೆ ಕೆಲಸ ಬೇಕು ಎಂದು ಹೇಳಬೇಕಾದರೆ ಉಣ್ಣುವ ಬಾಯಿಗಳ ಲೆಕ್ಕ ಮೊದಲೇ ಕೈಯಲ್ಲಿರಬೇಕು. ಕೆರೆಯ ತೂಬು ಎತ್ತುವ ಮೊದಲು ಅಚ್ಚುಕಟ್ಟು ಎಷ್ಟು ಎಕರೆ ಎಂದು ತಿಳಿದಿರಬೇಕಾದಂತೆಯೇ ಇದು.

ಇಂದು ನಮಗೇನು ಸಂಬಂಧ?

2011ರ ಗಣತಿಯಂತೆ ಕರ್ನಾಟಕದ ಜನಸಂಖ್ಯೆ 6,10,95,297. ತುಮಕೂರು ಜಿಲ್ಲೆಯದು 26,78,980. 2021ರಲ್ಲಿ ಆಗಬೇಕಾಗಿದ್ದ ಗಣತಿ ಕೋವಿಡ್ ಪಿಡುಗಿನಿಂದ ನಿಂತುಹೋಯಿತು. 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ಯಾವ ರಾಜ್ಯದಲ್ಲಿ ಎಷ್ಟು ಮಂದಿಗೆ ಪಡಿತರವೆಂದು ಗೊತ್ತುಮಾಡಿದ್ದು 2011ರ ಅಂಕಿಯ ಮೇಲೆ. ಗ್ರಾಮ ಪಂಚಾಯಿತಿಗೆ 400 ಜನಸಂಖ್ಯೆಗೆ ಒಬ್ಬರಂತೆ ಸದಸ್ಯರಿರಬೇಕೆಂದು ನಮ್ಮ ರಾಜ್ಯದ ಕಾನೂನು ಹೇಳುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಸ್ಥಾನಗಳೂ ಅವರ ಸಂಖ್ಯೆಯನ್ನು ಅನುಸರಿಸುತ್ತವೆ. ಊರಾಚೆಯ ಹಟ್ಟಿಯೊಂದು ಎಣಿಕೆಯಿಂದ ಬಿಟ್ಟುಹೋದರೆ ಶಾಲೆ, ಅಂಗನವಾಡಿ, ನೀರು ಇವುಗಳ ಯೋಜನೆಯಲ್ಲಿಯೂ ಆ ಹಟ್ಟಿ ಬಿಟ್ಟುಹೋಗುವ ಸಂಭವವುಂಟು.

2025ನೆಯ ಜೂನ್ 16ರ ಪ್ರಕಟಣೆಯು ಮುಂದಿನ ಗಣತಿಗೆ 2027ನೆಯ ಮಾರ್ಚಿ 1ನೆಯ ತಾರೀಖಿನ ಸೊನ್ನೆ ಗಂಟೆಯನ್ನು ಗೊತ್ತುಮಾಡಿತು. ಹಿಮ ಬೀಳುವ ಪ್ರದೇಶಗಳಿಗೆ ಮಾತ್ರ 2026ನೆಯ ಅಕ್ಟೋಬರ್ 1 ಗೊತ್ತಾಯಿತು. ಮೊದಲು ಮನೆಗಳ ಪಟ್ಟಿ, ಆಮೇಲೆ ಜನರ ಎಣಿಕೆ, ಹೀಗೆ ಎರಡು ಹಂತ. ಕಾಗದದ ಪಟ್ಟಿಗೆ ಬದಲಾಗಿ ಮೊಬೈಲಿನಲ್ಲಿ ಬರೆದುಕೊಳ್ಳುವ ಏರ್ಪಾಡು. ಸಾಧನ ಬದಲಾದರೂ ಕ್ರಮ ಹಿಂದಿನದೇ. ರೊಪ್ಪದ ಬಾಗಿಲಲ್ಲಿ ನಿಂತು ಎಣಿಸುವುದೇ.

ಭಯ ಬೇಡ

1871ರ ಭಯ ಇಂದಿಗೂ ಕೆಲವರಲ್ಲಿ ಉಳಿದಿದೆ. ಜಮೀನಿನ ಸಂಗತಿ ಹೇಳಿದರೆ ತೆರಿಗೆ ಬಂದೀತು, ಮಕ್ಕಳ ಸಂಖ್ಯೆ ಹೇಳಿದರೆ ಸವಲತ್ತು ಹೋದೀತು ಎಂದು ಅಂಜುವವರುಂಟು. 1948ರ ಜನಗಣತಿ ಕಾಯಿದೆಯ 15ನೆಯ ಕಲಮಿನಂತೆ ಗಣತಿದಾರರು ಬರೆದುಕೊಂಡದ್ದನ್ನು ನೋಡುವ ಹಕ್ಕು ಬೇರೆ ಯಾರಿಗೂ ಇಲ್ಲ. ಸಿವಿಲ್ ದಾವೆಯಲ್ಲಿ ಅದನ್ನು ಸಾಕ್ಷ್ಯವಾಗಿ ತರುವಂತಿಲ್ಲ. ಪಾಲಿನ ವ್ಯಾಜ್ಯವಿರುವವರೂ ನಿರ್ಭಯವಾಗಿ ಇದ್ದುದನ್ನು ಇದ್ದಂತೆ ಹೇಳಬಹುದು. ನಿಜವಾದ ಉತ್ತರ ಕೊಡುವುದು ಕಾನೂನಿನಂತೆ ನಮ್ಮ ಕರ್ತವ್ಯವೂ ಹೌದು.

ನಮ್ಮ ಹಳ್ಳಿಗಳ ರೀತಿ ನೀತಿಗಳನ್ನು ಅರಿತು ಆ ಕಾಯಿದೆಯಲ್ಲಿ ಒಂದು ರಿಯಾಯಿತಿ ಕೊಟ್ಟಿದ್ದಾರೆ. ಗಂಡನ ಹೆಸರು ಹೇಳಬಾರದೆಂಬ ಪದ್ಧತಿ ಇರುವ ಹೆಣ್ಣುಮಗಳು ಆ ಹೆಸರನ್ನು ಬಾಯಿಬಿಟ್ಟು ಹೇಳಲೇಬೇಕೆಂಬ ಬಲವಂತವಿಲ್ಲ. ಮನೆಯಲ್ಲಿ ಬೇರೆಯವರಿದ್ದರೆ ಅವರು ಹೇಳಿದರಾಯಿತು. ಈ ಕಾರಣಕ್ಕಾಗಿ ಬಾಗಿಲು ಹಾಕಿಕೊಳ್ಳುವ ಅಗತ್ಯವಿಲ್ಲ.

ನೀವು ಮಾಡಬೇಕಾದದ್ದು

1. ಗೋಡೆಯ ಮೇಲೆ ಬರೆದ ಮನೆ ನಂಬರನ್ನು ಗಣತಿ ಮುಗಿಯುವವರೆಗೆ ಸುಣ್ಣ ಬಳಿದು ಅಳಿಸಬೇಡಿ.

2. ನಿನ್ನೆ ಹುಟ್ಟಿದ ಕೂಸನ್ನೂ, ಮೂಲೆ ಹಿಡಿದ ಮುದುಕಿಯನ್ನೂ ಬರೆಯಿಸಿ. ಹೆಸರಿಡದ ಮಗುವಿಗೂ ಲೆಕ್ಕದಲ್ಲಿ ಸ್ಥಳವಿದೆ.

3. ವಯಸ್ಸನ್ನು ದುಂಡಾಗಿ ಹೇಳಬೇಡಿ. ಹುಟ್ಟಿದ ತಾರೀಖು ತಿಳಿಯದಿದ್ದರೆ ಊರಿನಲ್ಲಿ ನಡೆದ, ವರ್ಷ ಗೊತ್ತಿರುವ ಸಂಗತಿಯನ್ನು ನೆನಪಿಗೆ ತಂದುಕೊಳ್ಳಿ. ಕೆರೆ ಕೋಡಿ ಬಿದ್ದ ವರ್ಷ, ಊರಿಗೆ ವಿದ್ಯುತ್ ಬಂದ ವರ್ಷ ಇಂಥವು ಸಹಾಯಕ್ಕೆ ಬರುತ್ತವೆ.

4. ಹೆಂಗಸರ ದುಡಿಮೆಯನ್ನು ಮರೆಯಬೇಡಿ. ನಾಟಿ, ಕಳೆ, ಕಟಾವು, ದನದ ಕೆಲಸ ಎಲ್ಲವನ್ನೂ ಮಾಡುವ ಹೆಣ್ಣುಮಗಳನ್ನು "ಮನೆಯಲ್ಲಿದ್ದಾಳೆ" ಎಂದು ಬರೆಯಿಸಿದರೆ ಬೇಸಾಯದ ಲೆಕ್ಕ ಅರ್ಧವೇ ಆಗುತ್ತದೆ. ಸ್ವಂತ ಹೊಲದಲ್ಲಿ ದುಡಿಯುವವಳು ಸಾಗುವಳಿದಾರಳು. ಕೂಲಿಗೆ ಹೋಗುವವಳು ಕೃಷಿ ಕಾರ್ಮಿಕಳು.

5. ಬೆಂಗಳೂರಿಗೆ ದುಡಿಯಲು ಹೋದ ಮಗನ ವಿಷಯವನ್ನು ಗಣತಿದಾರರಿಗೆ ವಿವರವಾಗಿ ತಿಳಿಸಿ. ಅವನು ಒಂದೇ ಕಡೆ ಎಣಿಕೆಯಾಗಬೇಕು. ಎರಡು ಕಡೆಯೂ ಕೂಡದು, ಎರಡೂ ಕಡೆ ತಪ್ಪಲೂ ಕೂಡದು.

6. ಹೊಲದ ಗುಡಿಸಲು, ಇಟ್ಟಿಗೆ ಗೂಡು, ತೋಟದ ಮನೆ, ಹಟ್ಟಿ ಇವುಗಳಲ್ಲಿರುವವರನ್ನು ಗಣತಿದಾರರಿಗೆ ತೋರಿಸಿಕೊಡುವುದು ಊರಿನ ಯುವಕರ ಕೆಲಸ. ದಾರಿ ಬಲ್ಲವರು ಜೊತೆಗೆ ಹೋದರೆ ಯಾರೂ ಬಿಟ್ಟುಹೋಗುವುದಿಲ್ಲ.

ಊರಿನ ಸಭೆಯಲ್ಲಿ ಚರ್ಚಿಸಲು

ಈ ಪಾಠವನ್ನು ಓದು ಬಲ್ಲವರೊಬ್ಬರು ಅರಳಿಕಟ್ಟೆಯಲ್ಲೋ ಭಜನೆ ಮನೆಯಲ್ಲೋ ಗಟ್ಟಿಯಾಗಿ ಓದಿ ಹೇಳಲಿ. ಅನಂತರ ಈ ಪ್ರಶ್ನೆಗಳಿಗೆ ಎಲ್ಲರೂ ಸೇರಿ ಉತ್ತರ ಹುಡುಕಿ: ಮನೆಗಳನ್ನು ಮಾತ್ರ ಎಣಿಸಿದರೆ ಏನು ತಪ್ಪಾಗುತ್ತದೆ? 1881ರ ಅಂಕಿ 1871ರದಕ್ಕಿಂತ ಏಕೆ ಕಡಮೆಯಾಯಿತು? ನಮ್ಮ ಊರಿನಲ್ಲಿ ಎಣಿಕೆಗೆ ಸಿಕ್ಕದೆ ತಪ್ಪಿಹೋಗುವಂಥವರು ಯಾರು ಯಾರು, ಅವರು ಎಲ್ಲಿರುತ್ತಾರೆ?

ಕೊನೆಯ ಪ್ರಶ್ನೆಗೆ ಬಂದ ಉತ್ತರವನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಗಣತಿದಾರರು ಊರಿಗೆ ಬಂದ ದಿನ ಮೊದಲು ಅವರ ಕೈಗೆ ಕೊಡಬೇಕಾದದ್ದು ಆ ಕಾಗದ.