ಮೊದಲ ಡಿಎಸ್‌ಎಲ್‌ಆರ್: ಆಟೊ ಮೋಡ್ ದಾಟುವುದು ಹೇಗೆ?

ಬಹುತೇಕ ಕಂಪನಿಗಳು ಮಿರರ್‌ಲೆಸ್ ಕ್ಯಾಮೆರಾಗಳತ್ತ ಹೊರಳಿದ ಮೇಲೆ ಬಳಸಿದ ಡಿಎಸ್‌ಎಲ್‌ಆರ್‌ಗಳು ಕೈಗೆಟಕುವ ಬೆಲೆಗೆ ಸಿಗುತ್ತಿವೆ. ಕಲಿಯುವವರಿಗೆ ಅವು ಧಾರಾಳವಾಗಿ ಸಾಕು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಶಟರ್ ಕೌಂಟ್ (ಈವರೆಗೆ ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕ) ಎಷ್ಟಾಗಿದೆ ಎಂದು ವಿಚಾರಿಸಿ. ಲೆನ್ಸನ್ನು ಬೆಳಕಿಗೆ ಹಿಡಿದು, ಒಳಗೆ ಜೇಡರ ಬಲೆಯಂಥ ಫಂಗಸ್ ಎಳೆಗಳಿವೆಯೇ ನೋಡಿ. ಇದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಆಟೊ ಮೋಡ್‌ನಲ್ಲಿ ಫೋಟೊ ಕೆಟ್ಟದಾಗಿ ಬರುತ್ತದೆ ಎಂದಲ್ಲ. ಚೆನ್ನಾಗಿ ಬಂದರೂ ಯಾಕೆ ಬಂತು ಎಂಬುದು ತಿಳಿಯುವುದಿಲ್ಲ, ಹಾಗಾಗಿ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ನೇರವಾಗಿ ಮ್ಯಾನ್ಯುಯಲ್‌ಗೆ ಹಾರುವುದೂ ಬೇಡ. ನಡುವಿನ ದಾರಿಯೇ ಅಪರ್ಚರ್ ಪ್ರಯಾರಿಟಿ: ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆ, ನೀವು ಆರಿಸುತ್ತೀರಿ; ಅದಕ್ಕೆ ತಕ್ಕ ಶಟರ್ ವೇಗವನ್ನು ಕ್ಯಾಮೆರಾ ಆರಿಸುತ್ತದೆ. ನಿಕಾನ್ ಡಯಲ್‌ನಲ್ಲಿ ಇದು ‘ಎ’, ಕ್ಯಾನನ್‌ನಲ್ಲಿ ‘ಎವಿ’. ಕೆಲವು ತಿಂಗಳು ಇದೊಂದೇ ಮೋಡ್, ಜೊತೆಗೆ ಬಂದ 18-55 ಎಂ.ಎಂ. ಕಿಟ್ ಲೆನ್ಸ್ ಒಂದೇ ಇರಲಿ.

ಕಣ್ಣು, ಕೈ

ವ್ಯೂಫೈಂಡರ್ ಪಕ್ಕದಲ್ಲಿ ಒಂದು ಪುಟ್ಟ ಚಕ್ರವಿರುತ್ತದೆ. ಒಳಗೆ ಕಾಣುವ ಅಂಕಿಗಳು ಸ್ಪಷ್ಟವಾಗುವವರೆಗೆ ಅದನ್ನು ತಿರುಗಿಸಿ. ಇದನ್ನು ಮಾಡದೆ ‘ಎಲ್ಲವೂ ಮಬ್ಬು’ ಎಂದು ಲೆನ್ಸನ್ನು ದೂರುವವರಿದ್ದಾರೆ. ಎಡ ಅಂಗೈ ಲೆನ್ಸಿನ ಕೆಳಗಿರಲಿ, ಮೊಣಕೈಗಳು ಪಕ್ಕೆಗೆ ಒತ್ತಿರಲಿ. ಶಟರ್ ಬಟನ್ ಅರ್ಧ ಒತ್ತಿದಾಗ ಫೋಕಸ್, ಪೂರ್ತಿ ಒತ್ತಿದಾಗ ಫೋಟೊ. ಮನುಷ್ಯರಿರಲಿ, ಹಸುವಿರಲಿ, ಫೋಕಸ್ ಬಿಂದು ಕಣ್ಣಿನ ಮೇಲಿರಬೇಕು.

ಹಿನ್ನೆಲೆ ಮಸುಕಾಗಲು

ಅಪರ್ಚರ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ ದೊಡ್ಡದು, ಬೆಳಕು ಹೆಚ್ಚು, ಹಿನ್ನೆಲೆ ಮಸುಕು. ಮನೆಯವರನ್ನು ಜಗಲಿಯ ಅಂಚಿನಲ್ಲಿ ಕೂರಿಸಿ, ಹಿಂದೆ ದೂರದಲ್ಲಿ ತೋಟವೋ ಬೀದಿಯೋ ಇರಲಿ. ಲೆನ್ಸನ್ನು 55ಕ್ಕೆ ತಿರುಗಿಸಿ, ಅಪರ್ಚರ್ 5.6ರಲ್ಲಿ ಒಂದು, 11ರಲ್ಲಿ ಇನ್ನೊಂದು ತೆಗೆಯಿರಿ. ಆಮೇಲೆ ಅವರನ್ನು ಗೋಡೆಗೆ ಒರಗಿಸಿ ಮತ್ತೆ 5.6ರಲ್ಲೇ ತೆಗೆಯಿರಿ. ಅಂಕಿ ಅದೇ ಆದರೂ ಗೋಡೆಯ ಬಿರುಕು ಕೂಡ ಎದ್ದು ಕಾಣುತ್ತದೆ. ದುಬಾರಿ ಲೆನ್ಸ್ ಬೇಕೆನಿಸುವ ಮುನ್ನ ಈ ಅಂತರದ ಆಟ ಅರ್ಥವಾಗಲೇಬೇಕು.

ಯಕ್ಷಗಾನದ ರಾತ್ರಿ

ಶಟರ್ ಮತ್ತು ಐಎಸ್‌ಒ ಕಲಿಯಲು ಬಯಲಾಟಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬೆಳಕು ಕಡಿಮೆ, ವೇಷ ನಿಲ್ಲುವುದಿಲ್ಲ. ಐಎಸ್‌ಒ 400ರಲ್ಲಿಟ್ಟರೆ ಶಟರ್ ಸೆಕೆಂಡಿನ 1/15ಕ್ಕೋ 1/30ಕ್ಕೋ ಇಳಿದು, ಕಿರೀಟ, ಮುಖ ಎಲ್ಲವೂ ಕಲಸಿಹೋಗುತ್ತದೆ. 3200ಕ್ಕೆ ಏರಿಸಿ. ಬೆಳಕು ಗ್ರಹಿಸುವ ಶಕ್ತಿ ಎಂಟು ಪಟ್ಟಾಗುತ್ತದೆ, ಶಟರ್ ಕೂಡ ಅಷ್ಟೇ ವೇಗ ಪಡೆಯುತ್ತದೆ. ಚಿತ್ರದಲ್ಲಿ ಕಾಳುಕಾಳು ಕಾಣುತ್ತದೆ, ಕಾಣಲಿ; ಶೇಕ್ ಆದ ಚಿತ್ರವನ್ನು ಸರಿಪಡಿಸಲಾಗದು, ಕಾಳುಗಳನ್ನು ಸಹಿಸಬಹುದು.

ಕಿಟ್ ಲೆನ್ಸಿನ ಇನ್ನೊಂದು ಗುಣ ಇಲ್ಲೇ ತಿಳಿಯುತ್ತದೆ. 55ರ ತುದಿಯಲ್ಲಿ ಅದರ ಕಿಂಡಿ 5.6ರವರೆಗೆ ಮಾತ್ರ ತೆರೆಯುತ್ತದೆ, 18ರಲ್ಲಿ 3.5ರವರೆಗೆ. ಅಂದರೆ ಹಿಂದೆ ಕೂತು ಜೂಮ್ ಮಾಡುವುದಕ್ಕಿಂತ ರಂಗಸ್ಥಳದ ಹತ್ತಿರ ಕೂತು 18ರಲ್ಲಿ ತೆಗೆದರೆ ಸುಮಾರು ಎರಡೂವರೆ ಪಟ್ಟು ಬೆಳಕು ಸಿಗುತ್ತದೆ. ದಿಗಿಣ ಹಾಕುವ ವೇಷವನ್ನು ಗಾಳಿಯಲ್ಲೇ ಹಿಡಿಯಲು 1/500 ಬೇಕು, ಅದು ಅಲ್ಲಿ ಸಿಗುವುದು ಕಷ್ಟ. ಕುಣಿತ ಮುಗಿಸಿ ವೇಷಧಾರಿ ಒಂದು ಗಳಿಗೆ ನಿಲ್ಲುತ್ತಾನಲ್ಲ, ಅದಕ್ಕೆ 1/60 ಸಾಕು. ಭಾಗವತರ ಹಾಡಿಗೂ ಚೆಂಡೆಗೂ ಕಿವಿಗೊಟ್ಟರೆ ಆ ಗಳಿಗೆ ಮೊದಲೇ ಗೊತ್ತಾಗುತ್ತದೆ. ಫ್ಲ್ಯಾಶ್ ಮಾತ್ರ ಖಂಡಿತ ಬೇಡ. ಕಲಾವಿದರ ಕಣ್ಣಿಗೆ ಹಿಂಸೆ, ಬಣ್ಣಗಾರಿಕೆಯ ಸೊಗಸೂ ಸತ್ತುಹೋಗುತ್ತದೆ.

ಎಮ್ಮೆ ಕಪ್ಪಾಗಿಯೇ ಬರಲಿ

ಕ್ಯಾಮೆರಾದ ಮೀಟರ್ ತನ್ನೆದುರಿನ ಎಲ್ಲವನ್ನೂ ನಡುಬೂದು ಎಂದೇ ಅಳೆಯುತ್ತದೆ. ಹಾಗಾಗಿ ಚೌಕಟ್ಟು ತುಂಬಿದ ಎಮ್ಮೆ ಬೂದಾಗುತ್ತದೆ, ಮಲ್ಲಿಗೆ ರಾಶಿ ಮಂಕಾಗುತ್ತದೆ. ಬಾಡಿಯ ಮೇಲಿನ +/- ಬಟನ್ ಇರುವುದು ಇದಕ್ಕೇ. ಎಮ್ಮೆಗೆ -1, ಮಲ್ಲಿಗೆಗೆ +1 ಕೊಟ್ಟು ನೋಡಿ.

ಆರಂಭದಲ್ಲಿ ರಾ (ಸಂಸ್ಕರಿಸದ ಮೂಲ ಫೈಲ್) ಮತ್ತು ಜೆಪೆಗ್ ಎರಡನ್ನೂ ಉಳಿಸಿಕೊಳ್ಳಿ. ಎಡಿಟಿಂಗ್ ಕಲಿತ ದಿನ ಹಳೆಯ ರಾ ಫೈಲ್‌ಗಳು ಉಪಯೋಗಕ್ಕೆ ಬರುತ್ತವೆ. ಎರಡನೇ ಲೆನ್ಸ್ ಕೊಳ್ಳುವ ಕಾಲ ಬಂದಾಗ 50 ಎಂ.ಎಂ., 1.8 ಅಪರ್ಚರಿನದನ್ನು ಮೊದಲು ಪರಿಗಣಿಸಿ. ಅಗ್ಗ, ಹಗುರ; ಕಿಟ್ ಲೆನ್ಸಿನ 5.6ಕ್ಕೆ ಹೋಲಿಸಿದರೆ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು. ಆದರೆ ಆರಂಭಿಕ ಹಂತದ ಕೆಲವು ನಿಕಾನ್ ಬಾಡಿಗಳಲ್ಲಿ ಫೋಕಸ್ ಮೋಟರ್ ಇರುವುದಿಲ್ಲ. ಅಂಥವಕ್ಕೆ ‘ಎಎಫ್-ಎಸ್’ ಎಂದು ನಮೂದಿಸಿರುವ ಲೆನ್ಸನ್ನೇ ಕೇಳಿ ಪಡೆಯಿರಿ.

ಮಲೆನಾಡು, ಕರಾವಳಿಯವರಿಗೆ ಒಂದು ಮಾತು: ಮಳೆಗಾಲದಲ್ಲಿ ಕ್ಯಾಮೆರಾವನ್ನು ಬಟ್ಟೆಯ ಚೀಲದಲ್ಲಿಟ್ಟು ಮರೆಯಬೇಡಿ, ಫಂಗಸ್‌ಗೆ ಅಷ್ಟೇ ಸಾಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಮತ್ತು ಬಣ್ಣ ಬದಲಿಸುವ ಸಿಲಿಕಾ ಜೆಲ್ ತನ್ನಿ. ಜೆಲ್ ಬಣ್ಣ ಬದಲಿಸಿದರೆ ತೇವ ಕುಡಿದಿದೆ ಎಂದರ್ಥ. ಪೊಟ್ಟಣದ ಮೇಲಿನ ಸೂಚನೆಯಂತೆ ಬಿಸಿ ಮಾಡಿ ಒಣಗಿಸಿ, ಇಲ್ಲವೇ ಹೊಸದು ಹಾಕಿ. ಮಳೆ ಎಷ್ಟೇ ಹಿಡಿದಿರಲಿ, ವಾರಕ್ಕೊಮ್ಮೆ ಕ್ಯಾಮೆರಾ ಹೊರತೆಗೆದು ಕಿಟಕಿಯ ಬೆಳಕಿನಲ್ಲಾದರೂ ನಾಲ್ಕು ಫೋಟೊ ತೆಗೆಯಿರಿ.