ನಿಮ್ಮ ಗೆಳೆಯನಿಗೆ ಕೇಳಿಸುತ್ತಿದೆಯೇ?

ಮಕ್ಕಳೇ, ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಬಾಯಿ ಮುಚ್ಚಿಕೊಂಡು ‘ಮ್‌ಮ್‌ಮ್’ ಎಂದು ಗುನುಗುತ್ತಾ ಇರಿ. ಹಾಗೆಯೇ ಎಡಗಿವಿಯನ್ನು ಬೆರಳಿನಿಂದ ಮೆಲ್ಲಗೆ ಮುಚ್ಚಿ. ಧ್ವನಿ ಯಾವ ಕಿವಿಯಲ್ಲಿ ಜೋರಾಗಿದೆ? ತೆರೆದ ಕಿವಿಯಲ್ಲಿ ಎಂದು ಊಹಿಸಿದ್ದಿರಬಹುದು. ಆದರೆ ಜೋರಾಗಿ ಕೇಳಿಸುವುದು ಮುಚ್ಚಿದ ಕಿವಿಯಲ್ಲಿ! ನಿಮ್ಮ ಧ್ವನಿ ತಲೆಬುರುಡೆಯ ಮೂಳೆಯ ಮೂಲಕವೂ ಕಿವಿಯನ್ನು ತಲುಪುತ್ತದೆ. ಕಿವಿ ಮುಚ್ಚಿದಾಗ ಆ ಧ್ವನಿ ಹೊರಗೆ ಸೋರಿಹೋಗುವುದಿಲ್ಲ. ಅಂದರೆ ಶಬ್ದವು ಒಳಗಿವಿಗೆ ಹೋಗಲು ಎರಡು ದಾರಿಗಳಿವೆ: ಒಂದು ಗಾಳಿಯ ದಾರಿ, ಇನ್ನೊಂದು ಮೂಳೆಯ ದಾರಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ನಾನು ತರಗತಿಗೆ ಪಾಠ ಮಾಡುತ್ತಿದ್ದ ದಿನಗಳಲ್ಲಿ ನಾಲ್ಕನೆಯ ತರಗತಿಯ ಒಬ್ಬ ವಿದ್ಯಾರ್ಥಿ ಉಕ್ತಲೇಖನದಲ್ಲಿ ತಪ್ಪು ಮಾಡುತ್ತಿದ್ದ. ‘ತಟ್ಟೆ’ ಎಂದರೆ ‘ಕಟ್ಟೆ’ ಎಂದು ಬರೆಯುತ್ತಿದ್ದ, ‘ಸಾಲು’ ಎಂದರೆ ‘ಹಾಲು’. ವಿಚಿತ್ರವೆಂದರೆ ಬೇಸಿಗೆಯಲ್ಲಿ ಸರಿಯಾಗಿ ಬರೆಯುತ್ತಿದ್ದ. ಮಳೆ, ಚಳಿ ಶುರುವಾದರೆ ಮತ್ತೆ ತಪ್ಪು. ‘ಬರುತ್ತದೆ, ಆದರೆ ಬೇಕಂತಲೇ ಮಾಡುತ್ತಾನೆ’ ಎಂದುಕೊಂಡು ನಾನು ಅವನನ್ನು ಎಷ್ಟೋ ಸಲ ಗದರಿಸಿದ್ದೆ. ಭೌತಶಾಸ್ತ್ರ ಓದಿದ ನನಗೆ ಶಬ್ದದ ಪಾಠ ಬಾಯಿಪಾಠವಾಗಿತ್ತು. ಆದರೂ ಅವನ ಕಿವಿಯ ಬಗ್ಗೆ ಒಮ್ಮೆಯೂ ಯೋಚನೆ ಬರಲಿಲ್ಲ. ಕೊನೆಗೆ ಗಮನಿಸಿದ್ದು ಅವನ ಅಜ್ಜಿ. ‘ನೆಗಡಿ ಆದಾಗ ಕರೆದರೆ ಓ ಅನ್ನಂಗಿಲ್ರೀ ಸರ’ ಎಂದರು.

ನೆಗಡಿಗೂ ಕಿವಿಗೂ ಏನು ಸಂಬಂಧ? ಇದಕ್ಕೆ ಉತ್ತರ ಮಧ್ಯಕಿವಿಯಲ್ಲಿದೆ.

ಸಾಣಾಪುರದ ಕೆರೆಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಕೆರೆ ಅದು. ನೀರಿನಲ್ಲಿ ಮುಳುಗಿದವನಿಗೆ ದಡದಲ್ಲಿ ನಿಂತವರ ಕೂಗು ಸರಿಯಾಗಿ ಕೇಳಿಸುವುದಿಲ್ಲ. (ಇದನ್ನು ಪರೀಕ್ಷಿಸಲು ಕೆರೆಗೆ ಹೋಗಬೇಡಿ! ಅಲ್ಲಿ ಆಳ ಹೆಚ್ಚು.) ಗಾಳಿಯಲ್ಲಿ ಬಂದ ಶಬ್ದವು ನೀರಿನ ಮೇಲ್ಮೈಗೆ ತಾಗಿದಾಗ ಅದರ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಭಾಗದಷ್ಟು ಮಾತ್ರ ಒಳಗೆ ಹೋಗುತ್ತದೆ. ಉಳಿದದ್ದು ಹಿಂದಕ್ಕೆ ಪ್ರತಿಫಲಿಸುತ್ತದೆ. ನಮ್ಮ ಒಳಗಿವಿಯಲ್ಲಿಯೂ ದ್ರವವೇ ತುಂಬಿದೆ. ಹಾಗಾದರೆ ಗಾಳಿಯ ಶಬ್ದ ಅಲ್ಲಿಗೆ ಹೋಗುವುದು ಹೇಗೆ? ಆ ಕೆಲಸವನ್ನು ಮಧ್ಯಕಿವಿ ಮಾಡುತ್ತದೆ. ಕಿವಿತಮಟೆಯ ಕಂಪನವನ್ನು ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು ಒಳಕ್ಕೆ ಸಾಗಿಸುತ್ತವೆ. ರಿಕಾಪಿನ ಎತ್ತರ ಸುಮಾರು 3 ಮಿಲಿಮೀಟರ್, ನಮ್ಮ ದೇಹದ ಅತಿ ಚಿಕ್ಕ ಮೂಳೆ ಅದೇ. ದೊಡ್ಡ ತಮಟೆಯ ಮೇಲಿನ ಬಲವೆಲ್ಲ ರಿಕಾಪಿನ ಪುಟ್ಟ ಪಾದದ ಮೇಲೆ ಬೀಳುವುದರಿಂದ ಒತ್ತಡ ಇಪ್ಪತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ.

ಈ ವ್ಯವಸ್ಥೆ ಸರಿಯಾಗಿ ನಡೆಯಬೇಕಾದರೆ ತಮಟೆಯ ಎರಡೂ ಬದಿಗೆ ಗಾಳಿಯ ಒತ್ತಡ ಸಮನಾಗಿರಬೇಕು. ಅದಕ್ಕಾಗಿ ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳವಿದೆ. ಅದರ ಹೆಸರು ಯುಸ್ಟೇಷಿಯನ್ ನಾಳ. ಮಕ್ಕಳಲ್ಲಿ ಇದು ಗಿಡ್ಡವಾಗಿಯೂ ಹೆಚ್ಚು ಅಡ್ಡವಾಗಿಯೂ ಇರುತ್ತದೆ. ನೆಗಡಿಯಾದಾಗ ಸುಲಭವಾಗಿ ಮುಚ್ಚಿಕೊಳ್ಳುತ್ತದೆ. ಒಳಗಿದ್ದ ಗಾಳಿಯನ್ನು ಸುತ್ತಲಿನ ಒಳಪೊರೆ ಹೀರಿಕೊಳ್ಳುತ್ತದೆ, ಒತ್ತಡ ತಗ್ಗುತ್ತದೆ, ಆ ಜಾಗದಲ್ಲಿ ನಿಧಾನವಾಗಿ ದ್ರವ ಸೇರುತ್ತದೆ. ಹಲಗೆಯ ಚರ್ಮಕ್ಕೆ ಒಳಗಿನಿಂದ ಒದ್ದೆ ಬಟ್ಟೆ ಒತ್ತಿ ಹಿಡಿದು ಬಾರಿಸಿ ನೋಡಿ. ನಾದವೇ ಬರುವುದಿಲ್ಲ. ಕಿವಿತಮಟೆಯ ಗತಿಯೂ ಹಾಗೆಯೇ. ಬಹಳ ಸಲ ನೋವಿಲ್ಲ, ಸೋರುವುದಿಲ್ಲ, ಹೊರಗೆ ಏನೂ ಕಾಣುವುದಿಲ್ಲ.

ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ವೈದ್ಯರು ಮೊದಲು ದೀಪವಿರುವ ಚಿಕ್ಕ ಉಪಕರಣದಿಂದ ಕಿವಿಯೊಳಗೆ ನೋಡಿ, ಗುಗ್ಗೆ ಅಡ್ಡವಿಲ್ಲವೆಂದು ಖಚಿತಪಡಿಸಿಕೊಂಡರು. ನಂತರ ಶ್ರವಣ ತಜ್ಞರು ಅವನನ್ನು ಸದ್ದು ನುಗ್ಗದ ಕೋಣೆಯಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ‘ಕೂಂ’ ಎಂಬ ಸದ್ದು ಎಷ್ಟೇ ಸಣ್ಣದಾಗಿ ಕೇಳಿದರೂ ಡಬ್ಬಿಗೆ ಒಂದು ಮಣಿ ಹಾಕಬೇಕು. ಕೇಳಿಸಿದರೆ ಸದ್ದನ್ನು 10 ಡೆಸಿಬೆಲ್ ಇಳಿಸುತ್ತಾರೆ, ಕೇಳಿಸದಿದ್ದರೆ 5 ಡೆಸಿಬೆಲ್ ಏರಿಸುತ್ತಾರೆ. ಹೀಗೆ ಏರಿಳಿಸುತ್ತಾ ಅವನಿಗೆ ಕೇಳುವ ಅತಿ ಸಣ್ಣ ಸದ್ದನ್ನು ಹುಡುಕುತ್ತಾರೆ. ಸಾಮಾನ್ಯವಾಗಿ 250 ಹರ್ಟ್ಸ್‌ನಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರವನ್ನು ಪರೀಕ್ಷಿಸಿ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಚಿಹ್ನೆ. ಈ ನಕ್ಷೆಯಲ್ಲಿ ಗುರುತು ಕೆಳಗಿಳಿದಷ್ಟೂ ಕೇಳುವಿಕೆ ಕಡಿಮೆ ಎಂದರ್ಥ. ನಮ್ಮ ಹುಡುಗನ ಗುರುತುಗಳು 35 ಡೆಸಿಬೆಲ್ ಹತ್ತಿರ ಇದ್ದವು. ಗಟ್ಟಿ ಮಾತು ಕೇಳುತ್ತದೆ, ಆದರೆ ‘ಸ’, ‘ತ’ದಂತಹ ಮೆಲುದನಿಯ ಅಕ್ಷರಗಳು ಜಾರಿಹೋಗುತ್ತವೆ.

ಆಮೇಲೆ ಹೆಡ್‌ಫೋನ್ ತೆಗೆದು, ಕಿವಿಯ ಹಿಂದಿನ ಮೂಳೆಗೆ ಸಣ್ಣ ಕಂಪಕವನ್ನು ಇಟ್ಟರು. ಈಗ ಅವನಿಗೆ ಚೆನ್ನಾಗಿ ಕೇಳಿಸಿತು! ಮೊದಲಿನ ಪ್ರಯೋಗ ನೆನಪಿದೆಯೇ? ಮೂಳೆಯ ದಾರಿ ಚೆನ್ನಾಗಿದೆ, ಗಾಳಿಯ ದಾರಿಯಲ್ಲಿ ಅಡ್ಡಿಯಿದೆ. ಎಂದರೆ ಒಳಗಿವಿ, ನರ ಎರಡೂ ಸರಿಯಾಗಿವೆ. ಎರಡೂ ದಾರಿಗಳಲ್ಲಿ ಒಂದೇ ಸಮನಾಗಿ ಕಡಿಮೆ ಕೇಳಿಸಿದ್ದರೆ ತೊಂದರೆ ಒಳಗಿವಿಯಲ್ಲೋ ನರದಲ್ಲೋ ಇದೆ ಎಂದು ತಿಳಿಯಬೇಕಾಗಿತ್ತು.

ಕೊನೆಯದು ಟಿಂಪನೋಮೀಟರ್ ಪರೀಕ್ಷೆ. ನನಗೆ ಬಹಳ ಹಿಡಿಸಿದ್ದು ಇದೇ, ಏಕೆಂದರೆ ಇದರಲ್ಲಿ ಮಗು ಉತ್ತರ ಹೇಳಬೇಕಾಗಿಲ್ಲ. ಸುಮ್ಮನೆ ಕುಳಿತರೆ ಸಾಕು. ಮೆತ್ತನೆಯ ರಬ್ಬರ್ ತುದಿಯನ್ನು ಕಿವಿಗೆ ಇಟ್ಟು 226 ಹರ್ಟ್ಸ್ ಸ್ವರವನ್ನು ಬಿಡುತ್ತಾ ಗಾಳಿಯ ಒತ್ತಡವನ್ನು ತುಸು ಏರಿಸಿ ಇಳಿಸುತ್ತಾರೆ. ಕೆಲವೇ ಸೆಕೆಂಡುಗಳ ಕೆಲಸ, ನೋವಿಲ್ಲ. ತಮಟೆ ಬಿಗಿಯಾದಾಗ ಸ್ವರ ಹೆಚ್ಚು ಹಿಂದಿರುಗುತ್ತದೆ. ಎರಡೂ ಬದಿಯ ಒತ್ತಡ ಸಮನಾದ ಕ್ಷಣದಲ್ಲಿ ತಮಟೆ ಸಲೀಸಾಗಿ ಅಲುಗಿ ಸ್ವರವನ್ನು ಒಳಗೆ ಬಿಡುತ್ತದೆ. ಯಂತ್ರ ಇದನ್ನು ಗೆರೆಯಾಗಿ ಬರೆಯುತ್ತದೆ. ಆರೋಗ್ಯವಾದ ಕಿವಿಯ ಗೆರೆ ನಮ್ಮ ಅಂಜನಾದ್ರಿ ಬೆಟ್ಟದಂತೆ ನಡುವೆ ಎದ್ದು ನಿಲ್ಲುತ್ತದೆ. ಮಧ್ಯಕಿವಿಯ ಒತ್ತಡ ತಗ್ಗಿದ್ದರೆ ಬೆಟ್ಟ ಎಡಕ್ಕೆ ಸರಿಯುತ್ತದೆ. ದ್ರವ ತುಂಬಿದ್ದರೆ ಬೆಟ್ಟವೇ ಇಲ್ಲ, ಗೆರೆ ಭತ್ತದ ಗದ್ದೆಯಂತೆ ಸಪಾಟು. ತಮಟೆ ತೂತಾಗಿದ್ದರೂ ಗೆರೆ ಸಪಾಟಾಗುತ್ತದೆ. ಆದರೆ ಆಗ ಯಂತ್ರ ತೋರಿಸುವ ಕಿವಿನಾಳದ ಅಳತೆ ಹೆಚ್ಚಾಗಿರುತ್ತದೆ, ತೂತಿನ ಹಿಂದಿನ ಜಾಗವೂ ಲೆಕ್ಕಕ್ಕೆ ಸೇರುವುದರಿಂದ.

ಹುಡುಗನ ಎರಡೂ ಕಿವಿಯ ಗೆರೆ ಸಪಾಟಾಗಿತ್ತು. ಇಂತಹ ದ್ರವ ಅನೇಕ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ವೈದ್ಯರು ಮೂರು ತಿಂಗಳ ನಂತರ ಮತ್ತೆ ಬರಲು ಹೇಳಿದರು. ಆವರೆಗೆ ಅವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವನ ಮುಖ ನೋಡಿ ಪಾಠ ಮಾಡಿದೆ. ಎರಡನೆಯ ಸಲ ಬಲಗಿವಿಯಲ್ಲಿ ಬೆಟ್ಟ ಎದ್ದಿತ್ತು. ಎಡಗಿವಿಯಲ್ಲಿ ಇನ್ನೂ ಗದ್ದೆಯೇ. ಮುಂದೆ ಆ ಕಿವಿಯ ತಮಟೆಗೆ ಪುಟ್ಟ ನಳಿಕೆ ಕೂರಿಸಿದರು. ಆಮೇಲೆ ‘ತಟ್ಟೆ’ ತಟ್ಟೆಯೇ ಆಯಿತು.

ಕಿವಿಗೆ ಕಾಯಿಸಿದ ಎಣ್ಣೆ ಬಿಡುವುದು, ಬೆಂಕಿಕಡ್ಡಿ ಹಾಕುವುದು ಬೇಡ. ಎಣ್ಣೆ ತಮಟೆಯ ಈಚೆಗೆ ನಿಲ್ಲುತ್ತದೆ, ದ್ರವ ಇರುವುದು ಆಚೆಗೆ. ತಮಟೆ ತೂತಾಗಿದ್ದರಂತೂ ಅಪಾಯ.

ಇಂತಹ ಪರೀಕ್ಷೆ ಮಾಡುವವರನ್ನು ತರಬೇತುಗೊಳಿಸುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮ ಮೈಸೂರಿನಲ್ಲಿಯೇ ಇದೆ. ಅಷ್ಟು ದೂರ ಹೋಗುವ ಮೊದಲು ಇನ್ನೊಂದು ದಾರಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ವೈದ್ಯರ ತಂಡ ಬರಬೇಕು. ತೊಂದರೆ ಕಂಡ ಮಕ್ಕಳನ್ನು ಅವರು ಮುಂದಿನ ತಪಾಸಣೆಗೆ ಕಳುಹಿಸುತ್ತಾರೆ. ಆದರೆ ತಂಡ ಬಂದ ದಿನ ನಿಮ್ಮ ಗೆಳೆಯನಿಗೆ ನೆಗಡಿ ಇರಬೇಕೆಂದೇನಿಲ್ಲ. ಆ ದಿನ ಅವನಿಗೆ ಎಲ್ಲವೂ ಸರಿಯಾಗಿ ಕೇಳಿಸಬಹುದು. ಆದರೂ ನೀವು ನೋಡಿದ್ದನ್ನು ವೈದ್ಯರಿಗೆ ಹೇಳಿ: ‘ಸರ್, ಇವನಿಗೆ ಮಳೆಗಾಲದಲ್ಲಿ ಕೇಳಿಸುವುದಿಲ್ಲ.’